ಬ್ಯೂಟಿ ಪೇಜೆಂಟ್‌ಗೆ ಹೋಗಬೇಕಾದರೆ ಸಂಪ್ರದಾಯ ಬಿಡಬೇಕಾ?

ಸೌಂದರ್ಯ ಸ್ಪರ್ಧೆಗೆ ತಯಾರಾಗುವ ಹುಡುಗಿಯರಿಗಿಂತ ಹೆಚ್ಚಾಗಿ ಅವರ ಮನೆಯವರು ಕೇಳುವ ಪ್ರಶ್ನೆ ಇದು. ಕೇಳುವಾಗ ಅವರ ತಲೆಯಲ್ಲಿರುವುದು ಸ್ವಿಮ್‌ಸೂಟ್ ಒಂದೇ. ನಾನು ಹೇಳುವುದು, ಮೊದಲು ರೂಲ್‌ಬುಕ್ ಓದಿ, ಬಟ್ಟೆಯ ಮಾತು ಆಮೇಲೆ.

ಸ್ವಿಮ್‌ಸೂಟನ್ನು ಆಧುನಿಕತೆ ತಂದುಹಾಕಿದ್ದು ಅಂದುಕೊಂಡಿದ್ದೇವೆ. 1951ರಲ್ಲಿ ಎರಿಕ್ ಮಾರ್ಲಿ ಲಂಡನ್ನಿನಲ್ಲಿ ಮಿಸ್ ವರ್ಲ್ಡ್ ಶುರುಮಾಡಿದ್ದೇ ಬಿಕಿನಿ ಸ್ಪರ್ಧೆಯಾಗಿ. ಮರುವರ್ಷ ಹುಟ್ಟಿದ ಮಿಸ್ ಯೂನಿವರ್ಸ್ ಹಿಂದೆ ಇದ್ದದ್ದು ಈಜುಡುಪಿನ ಕಂಪನಿ. ಅಂದರೆ ಈ ಸ್ಪರ್ಧೆಗಳ ಮಟ್ಟಿಗೆ ಅದೇ ಹಳೇ ಸಂಪ್ರದಾಯ! ಕಾಲ ಬದಲಾದಂತೆ ಜಾಗ ಖಾಲಿ ಮಾಡಿದ್ದೂ ಅದೇ. 1996ರಲ್ಲಿ ಬೆಂಗಳೂರಿನ ಪ್ರತಿಭಟನೆಗಳಿಂದಾಗಿ ಮಿಸ್ ವರ್ಲ್ಡ್‌ನವರು ಸ್ವಿಮ್‌ಸೂಟ್ ಸುತ್ತನ್ನು ಸೇಶೆಲ್ಸ್‌ಗೆ ಒಯ್ದರು, 2013ರಲ್ಲಿ ಇಂಡೋನೇಷ್ಯಾದಲ್ಲಿ ಬಿಕಿನಿ ಬದಲು ಸೊಂಟಕ್ಕೆ ಸುತ್ತುವ ಸರೋಂಗ್ ಉಡಿಸಿದರು, 2015ರಿಂದ ಸುತ್ತನ್ನೇ ತೆಗೆದರು. ಮಿಸ್ ಅಮೆರಿಕ 2018ರಲ್ಲಿ ಕೈಬಿಟ್ಟಿತು. ಮಿಸ್ ಯೂನಿವರ್ಸ್ ಇನ್ನೂ ಬಿಟ್ಟಿಲ್ಲ.

ಗಟ್ಟಿಯಾಗಿ ಕೂತಿದ್ದ ಸಂಪ್ರದಾಯ ಬೇರೆ: ಮದುವೆ, ಮಗು, ವಯಸ್ಸಿನ ಕಟ್ಟುಪಾಡು. 1974ರಲ್ಲಿ ಮಿಸ್ ವರ್ಲ್ಡ್ ಆದ ಹೆಲೆನ್ ಮಾರ್ಗನ್‌ಗೆ ಮದುವೆಯಾಗಿಲ್ಲ, ಮಗುವಿದೆ ಎಂದು ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ನಾಲ್ಕೇ ದಿನಕ್ಕೆ ಕಿರೀಟ ಬಿಟ್ಟುಕೊಟ್ಟರು. ವಿವಾಹಿತರನ್ನೂ ತಾಯಂದಿರನ್ನೂ ಮಿಸ್ ಯೂನಿವರ್ಸ್ ಒಳಗೆ ಬಿಟ್ಟುಕೊಂಡದ್ದು 2023ರಲ್ಲಿ. 28ರ ವಯೋಮಿತಿ ಹೋದದ್ದು 2024ರಲ್ಲಿ. ಬಿಕಿನಿ ಬಗ್ಗೆ ಆದಷ್ಟು ಗಲಾಟೆ ಈ ನಿಯಮಗಳ ಬಗ್ಗೆ ಎಂದೂ ಆಗಲಿಲ್ಲ.

ಇನ್ನು ನ್ಯಾಷನಲ್ ಕಾಸ್ಟ್ಯೂಮ್ ಸುತ್ತು, ಅಂದರೆ ತಮ್ಮ ದೇಶವನ್ನು ಬಿಂಬಿಸುವ ಉಡುಪು ತೊಟ್ಟು ಬರುವ ಸುತ್ತು. ಸಂಪ್ರದಾಯ ಇಲ್ಲಿದೆಯಲ್ಲ ಎಂದು ಮನೆಯವರು ನಿರಾಳರಾಗುತ್ತಾರೆ. ವಾಸ್ತವದಲ್ಲಿ ಇದು ರಂಗಸಜ್ಜಿಕೆಯ ಕೆಲಸ, ಅರ್ಧ ಬಡಗಿಯ ಕೆಲಸ. ಬೆನ್ನಿಗೆ ಕಟ್ಟುವ ರೆಕ್ಕೆ, ಪ್ರಭಾವಳಿಗಳ ಭಾರ ಭುಜದ ಮೇಲೆ ಬಿದ್ದರೆ ನಡೆಯುವಾಗ ಮೈ ಹಿಂದಕ್ಕೆ ವಾಲುತ್ತದೆ, ಅದನ್ನು ತಡೆಯಲು ಕತ್ತು ಮುಂದೆ ಬರುತ್ತದೆ, ಫೋಟೋದಲ್ಲಿ ಗೂನು. ಭಾರವನ್ನು ಸೊಂಟದ ಬೆಲ್ಟ್ ಹೊರಬೇಕು. ವಿಮಾನದಲ್ಲಿ ಒಂದು ಬ್ಯಾಗ್ 32 ಕೆ.ಜಿ. ದಾಟಿದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಚೌಕಟ್ಟು ಬಿಚ್ಚಿ ಜೋಡಿಸುವಂತಿರಲಿ. ನಟ್ಟು ಬೋಲ್ಟಿನ ಒಂದು ಸೆಟ್, ಕೇಬಲ್ ಟೈ, ಸೂಜಿ ದಾರ ವೇದಿಕೆಯ ಹಿಂದೆ ಕೈಗೆಟುಕುವಂತಿರಬೇಕು.

ಸೀರೆಯಂತೆ ನೆರಿಗೆ ಹಿಡಿದು ಉಡುವುದಾದರೆ ಹೀಲ್ಸ್ ಹಾಕಿಕೊಂಡೇ ಉಡಬೇಕು. ಬರಿಗಾಲಲ್ಲಿ ಉಟ್ಟು ಆಮೇಲೆ ಹೀಲ್ಸ್ ಹಾಕಿದರೆ ಅಂಚು ಮೇಲೇರಿ ಪಾದ ಕಾಣುತ್ತದೆ. ಅದಕ್ಕೆ ಹೆದರಿ ಉದ್ದ ಬಿಟ್ಟರೆ ಮೆಟ್ಟಿಲು ಇಳಿಯುವಾಗ ನೆರಿಗೆ ಹಿಮ್ಮಡಿಗೆ ಸಿಕ್ಕಿಕೊಳ್ಳುತ್ತದೆ. ಅಂಚು ನೆಲದಿಂದ ಒಂದು ಬೆರಳು ಮೇಲಿದ್ದರೆ ಸಾಕು. ನೆರಿಗೆಗೆ ಸೊಂಟದಲ್ಲಿ ಒಂದು, ಗೇಣು ಕೆಳಗೆ ಒಳಮಗ್ಗುಲಲ್ಲಿ ಇನ್ನೊಂದು ಪಿನ್. ಒಂದು ಸಮುದಾಯದವರು ಆರಾಧನೆಗೇ ಮೀಸಲಿಟ್ಟ ತಲೆಯುಡುಗೆಯೋ ಚಿಹ್ನೆಯೋ ಆಗಿದ್ದರೆ ಅವರನ್ನು ಕೇಳದೆ ಬಳಸಬೇಡಿ. ವೇದಿಕೆ ಹತ್ತಿದ ಮೇಲೆ ಕೊಡುವ ವಿವರಣೆಗೆ ಬೆಲೆ ಇರುವುದಿಲ್ಲ.

ಪ್ರಶ್ನೋತ್ತರದಲ್ಲಿ ಸಿಗುವುದು ಹೆಚ್ಚೂಕಡಿಮೆ 30 ಸೆಕೆಂಡು. "ನಮ್ಮ ಸಂಸ್ಕೃತಿ ಶ್ರೇಷ್ಠ, ಆದರೆ ಆಧುನಿಕತೆಯೂ ಬೇಕು" ಎಂದರೆ ಏನೂ ಹೇಳಿದಂತಾಗಲಿಲ್ಲ. ಮೊದಲ ವಾಕ್ಯದಲ್ಲೇ ನಿಲುವು, ಆಮೇಲೆ ಒಂದು ಉದಾಹರಣೆ, ಅಲ್ಲಿಗೆ ಬಾಯಿಮುಚ್ಚಬೇಕು.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಎರಡು ಕಲಮು ಹುಡುಕಿ: ಕಿರೀಟದ ಅವಧಿಯಲ್ಲಿ ಮದುವೆಗೆ ತಡೆ ಇದೆಯೇ, ಪ್ರಾಯೋಜಕರ ಫೋಟೋಶೂಟ್‌ನಲ್ಲಿ ಉಡುಪು ಯಾರ ಆಯ್ಕೆ? ವೇದಿಕೆಯಲ್ಲಿ ಸ್ವಿಮ್‌ಸೂಟ್ ಸುತ್ತು ಇಲ್ಲದ ಸ್ಪರ್ಧೆಯೂ ಫೋಟೋಶೂಟಿಗೆ ಅದನ್ನು ಕೇಳಬಹುದು. ಬೇಡ ಎಂದಿದ್ದರೆ ಆಗಲೇ ಬರಹದಲ್ಲಿ ಪಡೆದುಕೊಳ್ಳಿ.