ಮಿನಿ ಟ್ರ್ಯಾಕ್ಟರಿಗೆ ಮುಂದೊಂದು ಬಕೆಟ್

ಅಡಿಕೆ ಸಾಲುಗಳ ನಡುವೆ ಇರುವುದೇ 9 ಅಡಿ. ಜೆಸಿಬಿ ಅಲ್ಲಿ ಆಡುವುದಿಲ್ಲ, ನುಗ್ಗಿಸಿದರೂ ಅದರ ಭಾರಕ್ಕೆ ಮಣ್ಣು ಗಟ್ಟಿಯಾಗಿ ಬೇರಿಗೆ ಕಷ್ಟ. ಹಾಗಾಗಿ ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣು ಹೊಡೆಸಿದರೆ, ಅದನ್ನು ಗುಡ್ಡೆಯಿಂದ ಮರದ ಬುಡಕ್ಕೆ ಸಾಗಿಸಲು ಮತ್ತೆ ಅದೇ ಬುಟ್ಟಿ, ಸಲಿಕೆ, ಆಳು. ಚನ್ನಗಿರಿ ಸುತ್ತಮುತ್ತ ಆಳು ಸಿಗುವುದು ಎಷ್ಟು ಕಷ್ಟ ಅಂತ ತೋಟ ಇರುವವರಿಗೆ ಗೊತ್ತೇ ಇದೆ, ಅಲ್ವಾ? ನಮ್ಮ 18 ಎಚ್‌ಪಿ ಮಿನಿ ಟ್ರ್ಯಾಕ್ಟರಿಗೆ ಲೋಡರ್, ಅಂದರೆ ಮಣ್ಣು ಎತ್ತುವ ಮುಂದಿನ ಬಕೆಟ್, ಕಟ್ಟೋಣ ಅಂತ ಹೊರಟಿದ್ದು ಇದಕ್ಕೇ.

ಯೂಟ್ಯೂಬಿನಲ್ಲಿ ಇಂಥ ವಿಡಿಯೊ ಬೇಕಾದಷ್ಟಿವೆ. ಬಕೆಟ್ ಏರುವುದನ್ನು ಚೆನ್ನಾಗಿ ತೋರಿಸುತ್ತಾರೆ. ಆ ಭಾರ ಗಾಡಿಯಲ್ಲಿ ಎಲ್ಲಿಗೆ ಹೋಗಿ ಕೂತಿತು ಅಂತ ಹೇಳುವವರು ಕಡಿಮೆ. ನನ್ನ ಪ್ರಕಾರ ತಲೆ ಕೆಡಿಸಿಕೊಳ್ಳಬೇಕಾದ್ದು ಅದಕ್ಕೇ, ಮಿಕ್ಕಿದ್ದೆಲ್ಲ ವೆಲ್ಡಿಂಗ್ ಅಷ್ಟೆ.

ಲೆಕ್ಕ ಸುಲಭ. ಎರಡು ಆಕ್ಸಲ್ ನಡುವೆ ಸುಮಾರು 1.5 ಮೀಟರ್, ಬಕೆಟ್ಟಿನ ನಡು ಮುಂದಿನ ಆಕ್ಸಲ್‌ಗಿಂತ 1 ಮೀಟರ್ ಆಚೆ ಅಂದುಕೊಳ್ಳಿ. 200 ಕೆಜಿ ಹಸಿ ಮಣ್ಣು ತುಂಬಿದರೆ ಹಿಂದಿನ ಚಕ್ರದ ಮೇಲಿಂದ 130 ಕೆಜಿಗೂ ಜಾಸ್ತಿ ಭಾರ ಎದ್ದುಹೋಗುತ್ತದೆ, ಮುಂದಿನ ಆಕ್ಸಲ್ ಮೇಲೆ 330 ಕೆಜಿಗೂ ಜಾಸ್ತಿ ಬಂದು ಕೂರುತ್ತದೆ. ಇಡೀ ಗಾಡಿಯ ತೂಕವೇ ಏಳೆಂಟು ನೂರು ಕೆಜಿ! ಇನ್ನೊಂದು ವಿಷಯ, ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಆ ಚಕ್ರ ಹಗುರಾದರೆ ಇಳಿಜಾರಿನಲ್ಲಿ ಬ್ರೇಕ್ ತುಳಿದೂ ಪ್ರಯೋಜನವಿಲ್ಲ.

ಆದ್ದರಿಂದ ಹಿಂದೆ ಎದುರು ಭಾರ ಬೇಕೇ ಬೇಕು. ಡ್ರಮ್ಮಿಗೆ ಕಾಂಕ್ರೀಟ್ ತುಂಬಿ ತ್ರೀ ಪಾಯಿಂಟ್‌ಗೆ (ಹಿಂದೆ ಉಪಕರಣ ಸಿಕ್ಕಿಸುವ ಮೂರು ಕೊಂಡಿ) ಸಿಕ್ಕಿಸಿದರೂ ಆಯ್ತು, ರೋಟವೇಟರ್ ಎತ್ತಿಟ್ಟುಕೊಂಡರೂ ಆಯ್ತು. ಹಿಂದಿನ ಆಕ್ಸಲ್‌ನಿಂದ 75 ಸೆಂಟಿಮೀಟರ್ ಹಿಂದೆ 200 ಕೆಜಿ ಇದ್ದರೆ ಮುಂದಿನ ಆಕ್ಸಲ್ ಮೇಲಿಂದ 100 ಕೆಜಿ ಇಳಿಯುತ್ತದೆ. ಟೈರಿಗೆ ನೀರು ತುಂಬಿಸಿದರೆ ಸಾಲದಾ ಅಂತ ಕೆಲವರು ಕೇಳುತ್ತಾರೆ. ಹಿಡಿತಕ್ಕೆ ಒಳ್ಳೆಯದೇ. ಆದರೆ ಆ ತೂಕ ನೇರ ಆಕ್ಸಲ್ ಮೇಲೇ ಇರುವುದರಿಂದ ಮುಂದಿನ ಭಾರ ಒಂದು ಕೆಜಿಯೂ ಕಡಿಮೆಯಾಗುವುದಿಲ್ಲ.

ಇನ್ನು ಚೌಕಟ್ಟು. ಇಂಥ ಟ್ರ್ಯಾಕ್ಟರುಗಳಲ್ಲಿ ಲಾರಿಯ ಹಾಗೆ ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್ ಒಂದಕ್ಕೊಂದು ಬೋಲ್ಟಾಗಿ ಅದೇ ಗಾಡಿಯ ಮೈ. ಎಲ್ಲ ಬೀಡು, ಅಂದರೆ ಎರಕದ ಕಬ್ಬಿಣ. ಲೋಡರ್ ಕಂಬಗಳನ್ನು ಸುಮ್ನೆ ಕ್ಲಚ್ ಹೌಸಿಂಗ್ ಬೋಲ್ಟಿಗೆ ಕಚ್ಚಿಸಿದರೆ, ಗುಂಡಿ ಇಳಿದಾಗಲೆಲ್ಲ ಜಗ್ಗಿ ಜಗ್ಗಿ ಒಂದು ದಿನ ಬೀಡು ಸೀಳುತ್ತದೆ, ಅದನ್ನು ಬೆಸೆಯುವುದು ಸಾಮಾನ್ಯರ ಕೈಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೇ ಎರಡೂ ಪಕ್ಕ ಉದ್ದಕ್ಕೆ ಚಾನಲ್ ಹಾಯಿಸಿದೆವು. ಮುಂದೆ ಬಂಪರ್ ಬ್ರಾಕೆಟ್ಟಿಗೆ, ಹಿಂದೆ ಆಕ್ಸಲ್ ಹೌಸಿಂಗಿಗೆ ಕಟ್ಟು. ಕಂಬ ನಿಂತಿರುವುದು ಚಾನಲ್ ಮೇಲೆ. ಖರ್ಚು ಜಾಸ್ತಿ, ಕಬ್ಬಿಣವೂ ಜಾಸ್ತಿ, ಆದರೆ ಇಲ್ಲಿ ಜುಗ್ಗತನ ಬೇಡ.

ತೋಳುಗಳಿಗೆ ಬಾಕ್ಸ್ ಪೈಪ್. ವೆಲ್ಡಿಂಗ್ ಅಂಗಡಿಯ ಅಣ್ಣ ಶುರುವಿಗೇ ಹೇಳಿದರು: "ಎರಡೂ ತೋಳಿನ ಬುಶ್ಶಿಗೆ ಒಂದೇ ಉದ್ದ ಶಾಫ್ಟ್ ತೂರಿಸಿ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕ್ಬೇಕು ತಮ್ಮಾ, ಇಲ್ಲಾಂದ್ರೆ ಆಮೇಲೆ ಪಿನ್ನು ನಿನ್ನ ಮಾತು ಕೇಳಲ್ಲ." ಹಾಗೇ ಮಾಡಿದರು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಬರುವವರೆಗೆ ಪೂರ್ತಿ ಬೆಸುಗೆ ಎಳೆಯಲಿಲ್ಲ, ಎಳೆದಾಗಲೂ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ, ಯಾಕೆಂದರೆ ಬಿಸಿಗೆ ಕಬ್ಬಿಣ ಎಳೆದುಕೊಳ್ಳುತ್ತದೆ. ಬಕೆಟ್ಟಿನ ಬಾಯಿಗೆ ಗುಜರಿಯಿಂದ ತಂದ ಲಾರಿ ಕಮಾನ್ ಪಟ್ಟಿ. ಅದು ಬೆಸುಗೆಗೆ ಬಿರುಕು ಬಿಡುವ ಜಾತಿಯ ಉಕ್ಕು, ಹಾಗಾಗಿ ತೂತು ಹೊಡೆಸಿ ಬೋಲ್ಟ್ ಹಾಕಿದ್ದು. ಸವೆದರೆ ಬಿಚ್ಚಿ ಬೇರೆ ಹಾಕಬಹುದು.

ಹೈಡ್ರಾಲಿಕ್ ಅಂದರೆ ಎಲ್ಲರೂ ದೊಡ್ಡ ಸಿಲಿಂಡರ್ ಕೇಳುತ್ತಾರೆ. ಬೇಡ. 40 ಎಂಎಂ ಬೋರ್, 120 ಬಾರ್ ಒತ್ತಡ ಅಂದರೆ ಒಂದು ಸಿಲಿಂಡರ್ ಸುಮಾರು ಒಂದೂವರೆ ಟನ್ ತಳ್ಳುತ್ತದೆ, ಎರಡು ಸೇರಿ 3 ಟನ್. ಸಿಲಿಂಡರ್ ಕಂಬದ ಹತ್ತಿರ, ಬಕೆಟ್ ತೋಳಿನ ತುದಿಯಲ್ಲಿ, ಹಾಗಾಗಿ ಅದರಲ್ಲಿ ಆರನೇ ಒಂದು ಪಾಲು ಮಾತ್ರ ಬಕೆಟ್ಟಿಗೆ ಸಿಕ್ಕಿದರೂ 500 ಕೆಜಿ. ತೋಳು, ಬಕೆಟ್ಟಿನ ತೂಕ ಕಳೆದರೂ ಮುಂದಿನ ಆಕ್ಸಲ್ ತಡೆಯುವುದಕ್ಕಿಂತ ಹೆಚ್ಚೇ ಉಳಿಯುತ್ತದೆ. ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವನ್ನು ಇನ್ನೂ ಕಡಿಮೆ ಒತ್ತಡಕ್ಕೆ ಸೆಟ್ ಮಾಡಿದರೆ ಒಳ್ಳೆಯದು. ವೇಗವೂ ಸಾಕಷ್ಟಿದೆ. 40 ಸೆಂಟಿಮೀಟರ್ ಸ್ಟ್ರೋಕಿಗೆ ಎರಡೂ ಸೇರಿ ಒಂದು ಲೀಟರ್ ಎಣ್ಣೆ ಕುಡಿಯುತ್ತವೆ, ಪಂಪ್ ನಿಮಿಷಕ್ಕೆ 15 ಲೀಟರ್ ಕೊಟ್ಟರೆ ನಾಲ್ಕೇ ಸೆಕೆಂಡು. ಬಕೆಟ್ ಏರಿಸಿ ಇಳಿಸುವ ಕಂಟ್ರೋಲ್ ವಾಲ್ವ್ ಕೊಳ್ಳುವಾಗ ಪವರ್ ಬಿಯಾಂಡ್ ಪೋರ್ಟ್ (ಒತ್ತಡದ ಎಣ್ಣೆಯನ್ನು ಮುಂದಕ್ಕೆ ಕಳಿಸುವ ಬಾಯಿ) ಇರುವುದನ್ನೇ ಕೇಳಿ. ಆ ಪೋರ್ಟಿನಿಂದಲೇ ಎಣ್ಣೆ ಹಿಂದಿನ ಲಿಫ್ಟಿಗೆ ಹೋಗಬೇಕು. ರಿಟರ್ನ್ ಪೋರ್ಟಿನಿಂದ ಲೈನ್ ಎಳೆದರೆ ಲಿಫ್ಟ್ ಎತ್ತುವಾಗಿನ ಒತ್ತಡವೆಲ್ಲ ವಾಲ್ವಿನ ಮೈಮೇಲೆ ಬರುತ್ತದೆ.

ಹೋಸ್ ಸೋರುತ್ತಿದೆ ಅನ್ನಿಸಿದರೆ ಬೆರಳಿಟ್ಟು ನೋಡಬೇಡಿ, ರಟ್ಟು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಹಾರುವ ಎಣ್ಣೆ ಚರ್ಮದೊಳಗೆ ಹೊಕ್ಕರೆ ಆಪರೇಷನ್ನೇ ಗತಿ. ಎತ್ತಿದ ಬಕೆಟ್ಟಿನ ಕೆಳಗೆ ಮಕ್ಕಳನ್ನಂತೂ ಬಿಡಲೇಬೇಡಿ. ಗಾಡಿಯಿಂದ ಇಳಿಯುವ ಮೊದಲು ಬಕೆಟ್ ನೆಲಕ್ಕೆ.

ಈಗ ಗೋಡು, ತಿಪ್ಪೆಗೊಬ್ಬರ ಎರಡೂ ಬಕೆಟ್ಟಿನಲ್ಲೇ ಸಾಗುತ್ತಿವೆ. ತುಂಬಿದ ಬಕೆಟ್ಟನ್ನು ಮೊಣಕಾಲು ಮಟ್ಟಕ್ಕಿಂತ ಮೇಲೆತ್ತಿ ಓಡಿಸುವುದಿಲ್ಲ. ಅಡಿಕೆ ಸಿಪ್ಪೆಗೆ ಮಾತ್ರ ಈ ಬಕೆಟ್ ಸರಿಹೋಗುತ್ತಿಲ್ಲ, ಎಷ್ಟು ತುಂಬಿದರೂ ತೂಕವೇ ಇಲ್ಲ, ಅರ್ಧ ದಾರಿಗೆ ಚೆಲ್ಲುತ್ತದೆ. ಅದೇ ಪಿನ್ನಿಗೆ ಕೂರುವ ಹಾಗೆ ಮುಳ್ಳಿನ ಚೌಕಟ್ಟೊಂದು ಮಾಡಿಕೊಡಿ ಅಂತ ಅಣ್ಣನಿಗೆ ಹೇಳಿಟ್ಟಿದ್ದೇನೆ.