ಕಲ್ಲಿನ ಕಣಿವೆಯಿಂದ ಮಣ್ಣಿನ ಏರಿಗೆ

ಮಾವ ಸಣ್ಣ ನೀರಾವರಿಯಲ್ಲಿ ಇಂಜಿನಿಯರ್ ಆಗಿದ್ದವರು. ಅವರ ಜೊತೆ ಪ್ರವಾಸ ಅಂದರೆ ದೇವಸ್ಥಾನದ ಮುಂದೆ ಕಾರು ನಿಲ್ಲುವುದಿಲ್ಲ, ತೂಬಿನ ಮುಂದೆ ನಿಲ್ಲುತ್ತದೆ. ಈ ಸಲ ಒಂದೇ ದಿನದಲ್ಲಿ ಎರಡು ಜಾಗ: ಹಿರಿಯೂರಿನ ಹತ್ತಿರದ ಮಾರಿಕಣಿವೆ, ಆಮೇಲೆ ಚನ್ನಗಿರಿ ಕಡೆಯ ಸೂಳೆಕೆರೆ.

ಬೆಳಿಗ್ಗೆ ಎಂಟಕ್ಕೆ ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ನಿಂತ ಕಲ್ಲಿನ ಗೋಡೆ, 1907ರಲ್ಲಿ ಮುಗಿದದ್ದು. ಕಾಗದದಲ್ಲಿ ವಾಣಿ ವಿಲಾಸ ಸಾಗರ, ಜನರ ಬಾಯಲ್ಲಿ ಈಗಲೂ ಮಾರಿಕಣಿವೆಯೇ. ಕೆಳಗೆ ನಿಂತು ಮೇಲೆ ನೋಡಿದರೆ ಕುತ್ತಿಗೆ ನೋಯುತ್ತದೆ.

"ಇದರ ಹಿಂದೆ 30 ಟಿಎಂಸಿ ನೀರು ನಿಲ್ಲುತ್ತದಲ್ಲ ಮಾವ, ಅಷ್ಟನ್ನೂ ಈ ಗೋಡೆ ಹೇಗೆ ತಡೆಯುತ್ತದೆ?" ಅಂದೆ.

"ಗೋಡೆಗೆ ಆ 30 ಗೊತ್ತೇ ಇಲ್ಲ ಕಣೋ. ಅದಕ್ಕೆ ಗೊತ್ತಿರುವುದು ಆಳ ಮಾತ್ರ" ಅಂದರು.

ನೀರು ಮೈಲುಗಟ್ಟಲೆ ಹಿಂದಕ್ಕೆ ಹರಡಿರಲಿ, ನೂರು ಅಡಿ ದೂರಕ್ಕೇ ನಿಲ್ಲಲಿ, ಆಳ ಅಷ್ಟೇ ಇದ್ದರೆ ಗೋಡೆಯ ಮೇಲಿನ ಒತ್ತಡ ಒಂದೇ. ಹತ್ತು ಮೀಟರ್ ಆಳದಲ್ಲಿ ಚದರ ಮೀಟರಿಗೆ 10 ಟನ್. ಇಲ್ಲಿ ತುಂಬಿದಾಗ 130 ಅಡಿ, ಅಂದರೆ ಸುಮಾರು 40 ಮೀಟರ್. ಬುಡದಲ್ಲಿ ಚದರ ಮೀಟರಿಗೆ 40 ಟನ್! ಆಳ ಎರಡರಷ್ಟಾದರೆ ಒಟ್ಟು ನೂಕು ನಾಲ್ಕರಷ್ಟಾಗುತ್ತದೆ. ಅದಕ್ಕೇ ಗೋಡೆ ಮೇಲೆ ಸಪೂರ, ಬುಡದಲ್ಲಿ ದಪ್ಪ. ತನ್ನ ತೂಕದಿಂದಲೇ ಕೂತಿದೆ. ಕಲ್ಲುಕಟ್ಟಡ ನೀರಿಗಿಂತ ಎರಡೂಕಾಲು ಪಟ್ಟಿಗೂ ಜಾಸ್ತಿ ಭಾರ.

ಆದರೆ ಈ ಭಾರವನ್ನು ನೀರು ಕದಿಯಬಲ್ಲದು. ಬಿರುಕಿನಲ್ಲಿ, ಅಡಿಪಾಯದಲ್ಲಿ ನುಸುಳಿ ಕೆಳಗಿನಿಂದ ಎತ್ತುತ್ತದೆ. ಫ್ರಾನ್ಸಿನ ಬೂಝೆ ಅಣೆಕಟ್ಟು 1895ರಲ್ಲಿ ಒಡೆದದ್ದು ಹೀಗೇ. ಆ ಎತ್ತುವ ಬಲವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೋಡಿ ನೋಡದೆ ಹೊರಡಲು ಮಾವ ಒಪ್ಪಲಿಲ್ಲ. 1933ರಲ್ಲಿ ಬಿದ್ದ ಕೋಡಿ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ ಸುಮ್ನೆ ಕಾದ ಜಾಗ ಅದು.

ಹೊಸದುರ್ಗ, ಹೊಳಲ್ಕೆರೆ ದಾಟಿ, ಅಡಿಕೆ ತೋಟಗಳ ನಡುವೆ ಹಾದು ಸೂಳೆಕೆರೆ ಮುಟ್ಟುವಾಗ ಮೂರು ಗಂಟೆ. ನೀರು ಕಣ್ಣು ಹಾಯುವವರೆಗೂ ಇದೆ, ಏರಿ ಮಾತ್ರ ಗುಡ್ಡದಿಂದ ಗುಡ್ಡಕ್ಕೆ, ಉದ್ದವೇನಿಲ್ಲ. ರಾಜನ ಮಗಳು ಶಾಂತವ್ವ ಕಟ್ಟಿಸಿದಳು ಅನ್ನುವ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಸಿಮೆಂಟೂ ಇಲ್ಲ, ರೋಲರೂ ಇಲ್ಲದ ಕಾಲದ ಕೆಲಸ.

ಮಣ್ಣಿನ ಲೆಕ್ಕವೇ ಬೇರೆ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಈಗಿನವರು ಹೊಟ್ಟೆಯಲ್ಲಿ ಜೇಡಿಮಣ್ಣು ತುಂಬಿ, ಹೊರಗೆ ಗರಸು ಹಾಕಿ, ಪದರ ಪದರವಾಗಿ ಗಟ್ಟಿ ಮಾಡುತ್ತಾರೆ. ನೀರಿಲ್ಲದ ಬದಿಯಲ್ಲಿ ಮರಳಿನ ಸೋಸು. ಜಿನುಗುವ ನೀರು ಹೊರಗೆ ಬರಲಿ, ಮಣ್ಣು ಬರಬಾರದು.

"ತಿಳಿನೀರು ಜಿನುಗಿದರೆ ಊಟ ಮಾಡಿ ಮಲಗು. ಬಗ್ಗಡ ಬಂದರೆ ಊರು ಎಬ್ಬಿಸು" ಅಂದರು ಮಾವ. ಬಗ್ಗಡ ಅಂದರೆ ಒಳಗೆ ಸುರಂಗ ಕೊರೆಯುತ್ತಿದೆ ಅಂತ.

ಇನ್ನೊಂದು ಭಯ, ನೀರು ಏರಿಯ ಮೇಲೆಯೇ ಹತ್ತುವುದು. ಕಲ್ಲಿನ ಗೋಡೆ ಅದನ್ನು ಸ್ವಲ್ಪ ಹೊತ್ತು ತಾಳೀತು, ಮಣ್ಣು ತಾಳದು. ಗುಜರಾತಿನ ಮೋರ್ಬಿಯ ಹತ್ತಿರ ಮಚ್ಚು ಅಣೆಕಟ್ಟಿನಲ್ಲಿ ಎರಡೂ ಇದ್ದವು: ನಡುವೆ ಕಲ್ಲುಕಟ್ಟಡ, ಅಕ್ಕಪಕ್ಕ ಮಣ್ಣಿನ ಏರಿ. 1979ರ ಆಗಸ್ಟ್ 11ರಂದು ನೀರು ಉಕ್ಕಿ ಹರಿಯಿತು. ಏರಿಗಳು ಕೊಚ್ಚಿಹೋದವು. ನಡುವಿನ ಕಟ್ಟಡ ನಿಂತೇ ಇತ್ತು. ಸಾವಿರಾರು ಜನ ಸತ್ತರು.

ಮಾವ ಮಾತು ನಿಲ್ಲಿಸಿ ಏರಿಯ ಇಳಿಜಾರಿಗೆ ಬಗ್ಗಿದರು. ಕಲ್ಲಿನ ಸಂದಿಯಲ್ಲಿ ಮೊಣಕಾಲೆತ್ತರದ ಹೊಂಗೆ ಸಸಿ. "ಬೇರು ಒಣಗಿದರೆ ನೀರಿಗೆ ಅದೇ ದಾರಿ" ಅಂತ ಕೈ ಹಾಕಿದರು. ನಾನೂ ಹಿಡಿದು ಎಳೆದೆ. ಸಸಿ ನೆಲದ ಮಟ್ಟಕ್ಕೆ ಪಟ್ಟನೆ ಮುರಿಯಿತು. ಬೇರು ಒಳಗೇ ಉಳಿಯಿತು.