ಎಣ್ಣೆ ಚರ್ಮವೆಂದು ನಂಬಿದ್ದ ಮುಖ: ಆರನೇ ವಾರದ ಟಿಪ್ಪಣಿ

ಮೊದಲ ದಿನ ‘ಎಣ್ಣೆ ಚರ್ಮ’ ಎಂದು ಬರೆದುಕೊಂಡಿದ್ದ ಸಾಲನ್ನು ಇಂದು ಹೊಡೆದುಹಾಕಿದ್ದೇನೆ.

ಅಂದು ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಟ್ಟು, ಹಣೆ, ಮೂಗು, ಗದ್ದ, ಕೆನ್ನೆಗಳ ಮೇಲೆ ತೆಳುವಾದ ಟಿಶ್ಯೂ ಕಾಗದ ಒತ್ತಿದ್ದೆ. ಎಲ್ಲ ಕಡೆಯೂ ಜಿಡ್ಡು ಅಂಟಿದರೆ ಎಣ್ಣೆ ಚರ್ಮ, ಹಣೆ, ಮೂಗು, ಗದ್ದದಲ್ಲಷ್ಟೇ ಅಂಟಿದರೆ ಮಿಶ್ರ ಚರ್ಮ, ಎಲ್ಲೂ ಅಂಟದೆ ಬಿಗಿದಂತಾದರೆ ಒಣ ಚರ್ಮ. ನನ್ನ ಮುಖವೆಲ್ಲ ಮಿನುಗುತ್ತಿತ್ತು. ಜೊತೆಗೆ ಕೆನ್ನೆ ಬಿಗಿದು ಉರಿಯುತ್ತಲೂ ಇತ್ತು. ಜಿಡ್ಡನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಉರಿಯನ್ನು ಕಡೆಗಣಿಸಿದೆ.

ಆಗ ದಿನಕ್ಕೆ ನಾಲ್ಕು ಬಾರಿ ಸೋಪು ಹಾಕುತ್ತಿದ್ದೆ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ (ಆಮ್ಲೀಯತೆಯ ಅಳತೆ) ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10, ಅಂದರೆ ಕ್ಷಾರೀಯ. ಹೊರಪದರದ ಕೋಶಗಳ ನಡುವೆ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳು ಇಟ್ಟಿಗೆಗಳ ನಡುವಿನ ಗಾರೆಯಂತೆ ಕೂತಿರುತ್ತವೆ. ಸೋಪು ಅದನ್ನು ಕೊರೆಯುತ್ತಾ ಹೋದಂತೆ ಒಳಗಿನ ನೀರು ಆವಿಯಾಗುತ್ತದೆ. ಒಣ ಚರ್ಮಕ್ಕೆ ಎಣ್ಣೆಯ ಕೊರತೆ. ನನಗಿದ್ದದ್ದು ನೀರಿನ ಕೊರತೆ. ಅದು ಎಣ್ಣೆ ಸುರಿಯುವ ಚರ್ಮಕ್ಕೂ ಬರುತ್ತದೆ. ಈ ವ್ಯತ್ಯಾಸ ತಿಳಿಯಲು ನನಗೆ ಎರಡು ವಾರ ಬೇಕಾಯಿತು.

ಆ ಎರಡು ವಾರದಲ್ಲಿ ದೊಡ್ಡ ತಪ್ಪನ್ನೂ ಮಾಡಿದೆ. ಮೊದಲೇ ನೊಂದಿದ್ದ ಚರ್ಮಕ್ಕೆ ಪ್ರತಿ ರಾತ್ರಿ, ರಂಧ್ರಗಳಲ್ಲಿ ಕಟ್ಟಿಕೊಂಡ ಜಿಡ್ಡು ಸಡಿಲಿಸುವ ಸ್ಯಾಲಿಸಿಲಿಕ್ ಆಮ್ಲ ಹಚ್ಚಿದೆ. ಐದನೇ ದಿನ ಮೂಗಿನ ಅಂಚು ಸುಲಿಯಿತು, ಬರಿ ನೀರು ತಾಗಿದರೂ ಚುರುಗುಟ್ಟಿತು. ಎಲ್ಲವನ್ನೂ ನಿಲ್ಲಿಸಿದೆ.

ಮೂರನೇ ವಾರದಿಂದ ಬೆಳಿಗ್ಗೆ ಬರಿ ನೀರು, ಸಂಜೆ ಒಮ್ಮೆ ಸೌಮ್ಯವಾದ ಕ್ಲೆನ್ಸರ್. ಮುಖ ಇನ್ನೂ ಒದ್ದೆಯಿರುವಾಗಲೇ ಗ್ಲಿಸರಿನ್ ಮತ್ತು ಸೆರಮೈಡ್ ಇರುವ ಕ್ರೀಮು. ಹಗಲಲ್ಲಿ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಸಾಕಷ್ಟು ಹಚ್ಚಿದರೆ ಅದು ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುತ್ತೇನೆ.

ಹೊರಚರ್ಮದ ಕೋಶಗಳು ಹೊಸದಾಗಲು ನಾಲ್ಕು ವಾರವಾದರೂ ಬೇಕು. ಅದಕ್ಕೇ ಮರುಪರೀಕ್ಷೆಗೆ ಅವಸರಪಡಲಿಲ್ಲ. ಇಂದು ಕಾಗದಕ್ಕೆ ಜಿಡ್ಡು ಅಂಟಿದ್ದು ಹಣೆ ಮತ್ತು ಮೂಗಿನಲ್ಲಿ ಮಾತ್ರ. ಕೆನ್ನೆ ಮೆತ್ತಗಿತ್ತು, ಉರಿ ಇರಲಿಲ್ಲ. ಮಿಶ್ರ ಚರ್ಮ! ನಿಜಕ್ಕೂ ಖುಷಿಯಾಯಿತು.

ಮುಂದಿನ ಪ್ರಯೋಗ ಮೂಗಿನ ಕಪ್ಪು ಚುಕ್ಕೆಗಳ ಮೇಲೆ. ಅದೇ ಆಮ್ಲ, ಆದರೆ ವಾರಕ್ಕೆ ಎರಡೇ ಸಲ, ಮೂಗಿಗಷ್ಟೇ. ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಕೆಲವು ದಿನ ಕಾಯುತ್ತೇನೆ. ಇಂದು ರಾತ್ರಿಯೇ ಶುರು.